ತನ್ನದೇ ಓಟ

ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ತಂಡವೊಂದರಲ್ಲಿ ಅವನು ರಿಸೀವರ್. ದೂರ ಓಡಿ, ಎದುರಾಳಿಯನ್ನು ತಪ್ಪಿಸಿ, ಗಾಳಿಯಲ್ಲಿ ಬರುವ ಚೆಂಡನ್ನು ಹಿಡಿಯುವುದು ಅವನ ಕೆಲಸ. ಆದರೆ ತಂಡ ಸೇರಿ ಐದು ವರ್ಷವಾದರೂ ಒಂದು ಪಂದ್ಯವನ್ನೂ ಆಡಿರಲಿಲ್ಲ. ಪ್ರತಿ ವಾರ ಎದುರಾಗಲಿರುವ ತಂಡದ ಹೆಸರಾಂತ ರಿಸೀವರ್ ಹೇಗೆ ಓಡುತ್ತಾನೋ ಹಾಗೆಯೇ ಓಡಿ, ತನ್ನವರಿಗೆ ಅಭ್ಯಾಸ ಮಾಡಿಸುವುದಷ್ಟೇ ಅವನ ಪಾಲಿಗೆ ಬಂದಿತ್ತು.

“ಎಷ್ಟು ದಿನ ಅಂತ ಇನ್ನೊಬ್ಬರ ಓಟ ಓಡ್ಲಿ ಸರ್? ನನಗೂ ನನ್ನದೇ ಓಟ ಅಂತ ಇದೆ,” ಎಂದು ಕೋಚ್ ಬಳಿ ಸಿಡುಕಿದ.

“ನೀನು ಹಾಗೆ ಓಡೋದ್ರಿಂದಲೇ ನಾವು ಗೆಲ್ತಿರೋದು. ಸುಮ್ನಿರಪ್ಪ.”

ಆ ಭಾನುವಾರದ ಪಂದ್ಯದಲ್ಲಿ ಇಬ್ಬರು ರಿಸೀವರ್‌ಗಳು ಗಾಯಗೊಂಡರು. ಬೇರೆ ದಾರಿಯಿಲ್ಲದೆ ಕೋಚ್ ಅವನನ್ನು ಕರೆದರು. “ಹೋಗು, ಇವತ್ತು ನಿನ್ನ ಆಟ ಆಡು.”

ಕೊನೆಯ ನಿಮಿಷದಲ್ಲಿ ಅವನು ಯಾರ ನೆನಪೂ ಇಲ್ಲದೆ ಮನಸಾರೆ ಓಡಿದ. ಎಡಕ್ಕೆ ಹೋಗುವಂತೆ ಭುಜ ತಿರುಗಿಸಿ, ಸರಕ್ಕನೆ ಬಲಕ್ಕೆ ಹೊರಳಿದ. ಚೆಂಡೂ ಅಲ್ಲಿಗೇ ಬಂತು. ಆದರೆ ಅವನಿಗಿಂತ ಮೊದಲೇ ಅಲ್ಲಿದ್ದ ಎದುರಾಳಿ ಅದನ್ನು ಹಿಡಿದುಬಿಟ್ಟ; ಚೆಂಡಿಗೆ ಹಾರಿದ ಇವನು ನೆಲಕ್ಕೆ ಬಿದ್ದ. ತಂಡ ಪಂದ್ಯ ಸೋತಿತು.

“ನಾನು ಇಲ್ಲಿಗೇ ಬರ್ತೀನಿ ಅಂತ ನಿನಗೆ ಹೇಗೆ ಗೊತ್ತಾಯ್ತು?” ಎಂದು ಬಿದ್ದಲ್ಲಿಂದಲೇ ಕೇಳಿದ.

ಎದುರಾಳಿ ಅವನನ್ನು ಕೈ ಹಿಡಿದು ಎಬ್ಬಿಸಿದ. “ನಮ್ಮ ರಿಸೀವರ್ ಓಡೋದೂ ಹೀಗೇ ಅಲ್ವಾ? ದಿನಾ ಪ್ರಾಕ್ಟೀಸಲ್ಲಿ ನೋಡ್ತೀನಿ.”