ಒಂದು ಹಿಡಿ ಜೋಳದ ಹೊತ್ತು

ಹಾಡಿನ ಭಂಡಾರದಲ್ಲಿ ನೂಲಿಗೆ ಹಾಡಿ ಕೊಟ್ಟ ಪದ ನೂಲಲ್ಲೇ ಉಳಿಯುತ್ತದೆ, ಹಾಡಿದವರಿಗೆ ಮರೆತುಹೋಗುತ್ತದೆ. ಇದು ಊರಿಗೆಲ್ಲ ಗೊತ್ತಿದ್ದದ್ದೇ. ಆದರೂ ಬಾಳವ್ವ ಹೋದ ವಾರ ಬಂದು, ಅವ್ವ ಕಲಿಸಿದ ಬೀಸುಕಲ್ಲಿನ ಪದವನ್ನು ಕೊಟ್ಟು ಹೋಗಿದ್ದಳು. ಅದನ್ನು ಬಲ್ಲವಳು ಊರಲ್ಲಿ ಅವಳೊಬ್ಬಳೇ ಉಳಿದಿದ್ದಳು.

ಇಂದು ನೂಲಿನುಂಡೆಗೆ ಅರಗಿನ ಮುದ್ರೆ ಹಾಕುವ ದಿನ. ಆಮೇಲೆ ತಿದ್ದುವಂತಿಲ್ಲ. ಭಂಡಾರ ನೋಡಿಕೊಳ್ಳುವ ಇಮಾಮಸಾಬನಿಗೆ ಒಂದೇ ತಲೆನೋವು: ಪದದ ನಡುನಡುವೆ ದನಿ ನಿಂತುಬಿಡುತ್ತಿತ್ತು. ಬಾಳವ್ವನನ್ನು ಕರೆಸಿ, ನೂಲನ್ನು ಬೆರಳ ಸಂದಿಯಲ್ಲಿ ಎಳೆದು ಕೇಳಿಸಿದ.

“ಯಾರೋ ಸಾಬಾ ಈಕಿ? ದನಿ ಭಾಳ ಛಂದ ಐತಿ!”

“ನೀನೇ ಬೇ ಯಕ್ಕಾ!”

“ನಾನೇನ? ಮುದುಕಿ ಸಿಕ್ಕಾಳಂತ ಚ್ಯಾಷ್ಟಿ ಮಾಡ್ತಿ?” ಎಂದು ಬಾಳವ್ವ ಬೊಚ್ಚುಬಾಯಿ ತೆರೆದು ನಕ್ಕಳು. ಅಷ್ಟರಲ್ಲೇ ಅವಳ ಬಲಗೈ ಮೇಜಿನ ಮೇಲೆ ಗುಂಡಗೆ ತಿರುಗತೊಡಗಿತ್ತು.

ದನಿ ನಿಂತಿತು.

“ಇಲ್ಲೆ ನೋಡು, ಮರತು ನಿಂತೀ. ಈ ಖಾಲಿ ನೂಲು ಕತ್ತರಿಸಿ ಗಂಟ ಹಾಕ್ತೀನಿ,” ಎಂದು ಇಮಾಮಸಾಬ ಕತ್ತರಿ ಎತ್ತಿದ.

“ಏ, ಇಡೋ ಅದನ್ನ! ಆಕಿ ಮರತಿಲ್ಲೋ, ಕಲ್ಲಿಗಿ ಜ್ವಾಳಾ ಹಾಕಾಕತ್ತಾಳ. ನಮ್ಮವ್ವನೂ ಹಿಂಗ ನಿಲ್ಲಸ್ತಿದ್ಲು.” ನೂಲಿನ ಕಡೆ ಬಾಗಿ ಕೇಳಿದಳು: “ನಮ್ಮವ್ವ ಏನ ಹಾಡ್ತಿದ್ಲೋ?”

ಇಮಾಮಸಾಬ ಕತ್ತರಿಯನ್ನು ಕೆಳಗಿಟ್ಟು, ನೂಲನ್ನು ಮೊದಲಿನಿಂದ ಎಳೆದ. ಈ ಸಲ ದನಿ ನಿಂತಾಗ ಅವನೂ ಉಸಿರು ಹಿಡಿದು ಕಾದ. ಬಾಳವ್ವನ ಎಡಗೈ ಗಾಳಿಯಿಂದ ಒಂದು ಹಿಡಿ ಎತ್ತಿ ಮೇಜಿನ ಮೇಲೆ ಸುರಿಯಿತು. ಸುರಿದು ಮುಗಿಯುತ್ತಲೇ ಹಾಡು ಮುಂದುವರಿಯಿತು.