ಹಿಂದಿನ ಬೀದಿಯ ಗಿಟಾರ್ ಹಾಡು

ಮೊಮ್ಮಗಳು ಗಿಟಾರ್ ಮೀಟಿದರೆ ಸಾಕು, ನಾನು ಚಿಕ್ಕವಳಿದ್ದಾಗಿನ, ನಮ್ಮೂರು ಮುಳ್ಳೂರಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನನ್ನು ಮಣ್ಣು ಮಾಡಿದ ಮೇಲೆ ಅವ್ವ ಮಾತು ಬಿಟ್ಟಿದ್ದಳು, ಮುದ್ದೆಯನ್ನೂ ಮುಟ್ಟಿರಲಿಲ್ಲ. ಹಿಂದಿನ ಬೀದಿಯ ಮದುವೆ ಮನೆಯಲ್ಲಿ ಮೈಕ್‌ಸೆಟ್‌ನವನು ಯಾವುದೋ ಇಂಗ್ಲಿಷ್ ಹಾಡಿನ ಗ್ರಾಮಫೋನ್ ಪ್ಲೇಟು ಹಾಕಿದ. ಗಿಟಾರು ಝಣಝಣ ಅಂತ ಓಡುತ್ತಿತ್ತು, ಹಾಡುವವರು ನಗುತ್ತಾ ಅದರ ಬೆನ್ನಟ್ಟಿದ ಹಾಗಿತ್ತು. ನನ್ನ ಕಾಲು ತಾನಾಗಿ ಕುಣಿಯಿತು.

ಅಜ್ಜಿ ತೊಡೆ ಚಿವುಟಿ, "ಸೂತ್ಕದ ಮನೇಲಿ ಕುಣೀತೀಯಲ್ಲೇ" ಅಂದಳು.

ಅಷ್ಟರಲ್ಲಿ ನಮ್ಮ ಮನೆಯ ಸಾವನ್ನು ಅಲ್ಲಿ ಯಾರೋ ನೆನಪಿಸಿರಬೇಕು, ಹಾಡು ನಿಂತಿತು.

ಮೂಲೆಯಿಂದ ಅವ್ವ ಕೇಳಿದಳು, "ಯಾಕ್ ನಿಲ್ಸುದ್ರು?"

"ನಮ್ಗೋಸ್ಕರ ಕಣವ್ವ," ಅಂದೆ.

"ಮದ್ವೆ ಮನೆ ಕಣ್ ಮಗ. ಆಕ್ಲಿ ಅಂತ ಏಳೋಗು."

ಓಡಿಹೋಗಿ ಹೇಳಿ ಬಂದೆ. ಹಾಡು ಮತ್ತೆ ಶುರುವಾಯಿತು. ಅವ್ವ ಕಣ್ಣೊರೆಸಿಕೊಂಡು ತಟ್ಟೆ ಎಳೆದುಕೊಂಡಳು. ಅಜ್ಜಿ ಮುದ್ದೆಗೆ ಸಾರು ಬಿಟ್ಟಳು.