ಬೋಳು ಗೋಡೆ

ಲೆನ್ಸ್ ಮುಂದೆ ಬಂತು, ಹಿಂದೆ ಹೋಯಿತು. ಫೋಕಸ್ ಸಿಕ್ಕಿತೆಂದು ಹೇಳುವ ಹಸಿರು ದೀಪ ಮಾತ್ರ ಹೊತ್ತಲಿಲ್ಲ. ಬ್ಯಾಟರಿ ಜಾಗದ ತುಕ್ಕು ಉಜ್ಜಿದ ಮೇಲೆ ಸರಿಹೋಗಬೇಕಿದ್ದ ಹಳೇ ರೀಲ್ ಕ್ಯಾಮೆರಾವನ್ನು ಬೆಳಗಿನಿಂದ ಮೂರು ಸಲ ಬಿಚ್ಚಿ ಜೋಡಿಸಿ ರಿಪೇರಿಯವನ ತಲೆ ಕೆಟ್ಟುಹೋಗಿತ್ತು. "ನಿನ್ನ ಮನೆ ಹಾಳಾಗ! ಎದುರಿಗಿರೋ ಗೋಡೆನೂ ಕಾಣಲ್ವಾ?"

"ಯಾರಿಗ್ರೀ ಬೈತಿರೋದು?" ಎನ್ನುತ್ತ ಹೆಂಡತಿ ಊಟದ ಡಬ್ಬಿ ಹಿಡಿದು ಗೋಡೆಯ ಮುಂದೆ ಬಂದು ನಿಂತಳು. ಟಕ್ಕೆಂದು ದೀಪ ಹೊತ್ತಿತು. ಅವಳು ಸರಿದಳು. ಅವನು ಮತ್ತೆ ಗುಂಡಿ ಒತ್ತಿದ. ಲೆನ್ಸ್ ಮತ್ತೆ ತಡಕಾಡಿತು.

"ಕ್ಯಾಲೆಂಡರ್ ಎಲ್ಲೇ?" ಎಂದ. ಹತ್ತು ವರ್ಷದಿಂದ ಅವನು ಪ್ರತಿ ಕ್ಯಾಮೆರಾದ ಫೋಕಸ್ ನೋಡುತ್ತಿದ್ದುದು ಆ ಗೋಡೆಯ ಕ್ಯಾಲೆಂಡರಿನ ಅಂಕಿಗಳ ಮೇಲೆಯೇ.

"ಬಣ್ಣ ಹೊಡೆಯೋಕೆ ನಿನ್ನೆ ನೀವೇ ತೆಗೆದ್ರಲ್ಲ! ಬೋಳು ಗೋಡೆ ತೋರ್ಸಿ ನೋಡು ನೋಡು ಅಂದ್ರೆ, ಅದಾದ್ರೂ ಏನು ನೋಡ್ಬೇಕು?"

ಡಬ್ಬಿಗೆ ಜಾಗ ಮಾಡಲು ಮೇಜು ಸವರಿದ ಅವಳ ಬೆರಳಿಗೆ ಸಾಸಿವೆಯಷ್ಟು ಚಿಕ್ಕ ಸ್ಕ್ರೂ ಅಂಟಿಕೊಂಡಿತು.

"ಇದೆಲ್ಲಿಯದ್ರೀ?"